ಓಟು ಋಣವೋ, ಕಾರಣವೋ?

2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 135 ಸೀಟು ಗೆದ್ದಾಗ ನನ್ನ ಸುತ್ತಮುತ್ತ ಪದೇ ಪದೇ ಕೇಳಿಬಂದ ಮಾತು: "ಬಿಟ್ಟಿ ಬಸ್ಸಿಗೆ, ಎರಡು ಸಾವಿರ ರೂಪಾಯಿಗೆ ಜನ ಓಟು ಮಾರ್ಕೊಂಡ್ರು." ಹೀಗಂದವರಲ್ಲಿ ಹೆಚ್ಚಿನವರು ತಿಂಗಳ ಸಂಬಳದವರು. 2025ರ ಕೇಂದ್ರ ಬಜೆಟ್ಟಿನಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದಾಗ ಇವರೇ ಖುಷಿಪಟ್ಟರು. ಅದನ್ನು ಮಾತ್ರ ಯಾರೂ ಬಿಟ್ಟಿ ಅನ್ನಲಿಲ್ಲ! ನಮಗೆ ಸಿಕ್ಕರೆ ನೀತಿ, ಪಕ್ಕದ ಮನೆಯವರಿಗೆ ಸಿಕ್ಕರೆ ಆಮಿಷ. ಇದ್ಯಾವ ನ್ಯಾಯ?

ಹಾಗಾದ್ರೆ ಲಾಭ ನೋಡಿ ಹಾಕುವ ಓಟೆಲ್ಲ ಒಂದೇನಾ? ಅಲ್ಲ. ಚುನಾವಣೆಯ ಹಿಂದಿನ ರಾತ್ರಿ ಕೈಗೆ ತುರುಕುವ ನೋಟು ಬೇರೆ. ಕಾನೂನಿನ ಪ್ರಕಾರ ಅದು ಕೊಟ್ಟವನದ್ದೂ ತಪ್ಪು, ಇಸ್ಕೊಂಡವನದ್ದೂ ತಪ್ಪು. ಬಸ್ಸಿನ ಯೋಜನೆ ಎಲ್ಲರೆದುರು ಹೇಳಿದ ಮಾತು; ಆ ಪಕ್ಷಕ್ಕೆ ಓಟು ಹಾಕದ ಹೆಂಗಸೂ ಅದೇ ಬಸ್ಸು ಹತ್ತುತ್ತಾಳೆ. ನೋಟು ಹಾಗಲ್ಲ, ಅದು ಗುಟ್ಟಾಗಿ ಬರುತ್ತದೆ, ಆಣೆ ಹಾಕಿಸಿಕೊಂಡು ಹೋಗುತ್ತದೆ. "ದುಡ್ಡು ಇಸ್ಕೊಂಡು ಬೇರೆಯವರಿಗೆ ಹಾಕಿದ್ರೆ ದೇವರು ಮೆಚ್ತಾನಾ?" ಅಂತ ಕೇಳುವ ಹಿರಿಯರನ್ನು ನಾನು ಕಂಡಿದ್ದೇನೆ. ಅವರನ್ನು ಭ್ರಷ್ಟರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ನಿಯತ್ತು ಅದು. ಹಂಚುವವನು ಆ ನಿಯತ್ತನ್ನೇ ಅಡ ಇಟ್ಟುಕೊಳ್ಳುತ್ತಾನೆ. ನಿಜವಾದ ಕೆಟ್ಟತನ ಇರುವುದು ಅಲ್ಲಿ.

ಈ ಋಣದ ಭಾವಕ್ಕೆ ಇನ್ನೂ ಗೌರವದ ಮುಖವೊಂದಿದೆ. ದೇವರಾಜ ಅರಸು ಸರ್ಕಾರದ 1974ರ ಭೂಸುಧಾರಣೆಯಿಂದ ಎಷ್ಟೋ ಗೇಣಿದಾರರು ತಾವು ಉಳುತ್ತಿದ್ದ ಹೊಲಕ್ಕೆ ಒಡೆಯರಾದರು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕದ 28ರಲ್ಲಿ 26 ಸೀಟು ಅದಕ್ಕೇ ಬಂತು. ಅದರಲ್ಲಿ ಜಮೀನು ಸಿಕ್ಕವರ ಕೃತಜ್ಞತೆಯ ಪಾಲೂ ಇದ್ದಿರಬೇಕು. ಅದನ್ನು ತಪ್ಪೆನ್ನುವವರು ಯಾರು? ಆದರೆ ಅಜ್ಜ ತೀರಿಸಿದ ಋಣವನ್ನು ಮೊಮ್ಮಗನೂ ತೀರಿಸುತ್ತಲೇ ಇರಬೇಕಾ? ಜಾತಿಯ ನಿಷ್ಠೆಗೂ ಸಿದ್ಧಾಂತದ ನಿಷ್ಠೆಗೂ ಇದೇ ಪ್ರಶ್ನೆ.

ನಮ್ಮ ಮತದಾರರು ಇದಕ್ಕೆ ಎಂದೋ ಉತ್ತರ ಕೊಟ್ಟಿದ್ದಾರೆ. ಇಂದಿರಾ ಗಾಂಧಿ ಹತ್ಯೆಯ ನಂತರ, 1984ರ ಡಿಸೆಂಬರಿನಲ್ಲಿ ಕರ್ನಾಟಕ ಲೋಕಸಭೆಗೆ 24 ಕಾಂಗ್ರೆಸ್ಸಿಗರನ್ನು ಕಳಿಸಿತು. ಜನಾದೇಶ ಕಳೆದುಕೊಂಡೆವೆಂದು ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಅವರ ಜನತಾ ಪಕ್ಷಕ್ಕೆ 139 ಸೀಟು! ಮೂರೇ ತಿಂಗಳಲ್ಲಿ ಜನ ಬದಲಾಗಿರಲಿಲ್ಲ, ಅವರೆದುರಿಗಿದ್ದ ಪ್ರಶ್ನೆ ಬದಲಾಗಿತ್ತು. 2024ರಲ್ಲೂ ಅಷ್ಟೇ. ಗ್ಯಾರಂಟಿಗಳು ಜಾರಿಯಲ್ಲಿದ್ದರೂ ಲೋಕಸಭೆಯಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು 9, ಬಿಜೆಪಿಗೆ 17. ಓಟು ಮಾರಿಕೊಂಡವರು ಹೀಗೆ ಮಾಡ್ತಾರಾ?

ಹಾಗಾಗಿ ಯಾರ ಉದ್ದೇಶ ಎಷ್ಟು ಶುದ್ಧ ಅಂತ ತೂಗುವುದನ್ನು ನಾನು ಬಿಟ್ಟಿದ್ದೇನೆ. ಹೊಟ್ಟೆಪಾಡು, ಜಾತಿ, ಕೃತಜ್ಞತೆ, ಸಿದ್ಧಾಂತ, ಯಾವುದೂ ತನ್ನಷ್ಟಕ್ಕೆ ಕೀಳಲ್ಲ, ಮೇಲೂ ಅಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ಪಕ್ಷ ಏನು ಮಾಡಿದರೆ ನಾನು ಓಟು ಹಾಕುವುದನ್ನು ನಿಲ್ಲಿಸ್ತೀನಿ? ಉತ್ತರ ಇದ್ದರೆ ನಮ್ಮ ಓಟಿಗೊಂದು ಕಾರಣ ಇದೆ. "ಏನು ಮಾಡಿದ್ರೂ ಇವರಿಗೇ" ಅನ್ನುವುದಾದರೆ, ಐನೂರರ ನೋಟು ಮುಟ್ಟದೆಯೂ ನಮ್ಮ ಓಟು ಅಡ ಬಿದ್ದಿದೆ ಅಂತಲೇ ಅರ್ಥ.