ಎರಡನೇ ಮಹಡಿಯ ಶಾಲೆ

ಬೆಂಗಳೂರಿನ ಶಿವಾಜಿನಗರದ ಓಣಿಗಳಲ್ಲಿ ಮನೆಗಳು ಮೇಲಕ್ಕೆ ಬೆಳೆದಿವೆ. ಕೆಳಗೆ ಅಂಗಡಿಯೋ ಗೋದಾಮೋ, ಪಕ್ಕದಲ್ಲಿ ಒಬ್ಬರಷ್ಟೇ ಹತ್ತಬಹುದಾದ ಕಡಿದಾದ ಮೆಟ್ಟಿಲು, ಮೇಲೆ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ನಡೆಯಲಾರದ ಮಗು ಅಂಥ ಮನೆಯಲ್ಲಿದ್ದರೆ ಮೊದಲ ಮೂರು ನಾಲ್ಕು ವರ್ಷ ಹೇಗೋ ಸಾಗುತ್ತದೆ, ಅಮ್ಮ ಸೊಂಟದ ಮೇಲೆ ಹೊತ್ತು ಇಳಿಯುತ್ತಾರೆ, ಹತ್ತುತ್ತಾರೆ. ಆರು ತುಂಬಿ ಒಂದನೇ ತರಗತಿಗೆ ಸೇರಿಸಬೇಕು ಅನ್ನುವ ಹೊತ್ತಿಗೆ ಮಗುವಿನ ತೂಕ ಅವರ ಬೆನ್ನಿಗೆ ಮೀರಿರುತ್ತದೆ. ಮಗು ಮನೆಯಲ್ಲೇ ಉಳಿಯುತ್ತದೆ.

ಕಾನೂನಿನ ಕಣ್ಣಿಗೆ ಇದೊಂದು ಆಯ್ಕೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗು ಮನೆಯಲ್ಲೇ ಕಲಿಯಲು ಬಯಸಬಹುದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಂತೂ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ಬೇಕೆನಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕು ಕೊಟ್ಟಿದೆ. ಎರಡೂ ಒಳ್ಳೆಯ ಕಾನೂನುಗಳೇ. ಆದರೆ ಎರಡನೇ ಮಹಡಿಯವರಿಗೆ ಯಾರೂ ಬಂದು ನಿಮಗೇನು ಬೇಕು ಎಂದು ಕೇಳಿಲ್ಲ. ಆ ತೀರ್ಮಾನವನ್ನು ಮೆಟ್ಟಿಲೇ ಮಾಡಿಬಿಡುತ್ತದೆ.

ಹಾಗೆಂದು ಮನೆಯಲ್ಲಿ ನಡೆಯುವ ಕಲಿಕೆಯನ್ನು ನಾನು ಕಡಿಮೆ ಎನ್ನಲಾರೆ. ರಸೆಲ್ ಮಾರ್ಕೆಟ್ ಹಿಂದಿನ ಒಂದು ಮನೆಯಲ್ಲಿ ಅದನ್ನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿನ ಹುಡುಗಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟಿದ ಕೂಡಲೇ ಅಳಲಿಲ್ಲ, ಕತ್ತು ನಿಲ್ಲುವುದಕ್ಕೇ ಎರಡು ವರ್ಷ ಹಿಡಿಯಿತು, ಮಾತು ಬಂದಿಲ್ಲ. ಬೆಳಿಗ್ಗೆ ಎದ್ದರೆ ಫಿಟ್ಸ್ ಮಾತ್ರೆ, ಆಮೇಲೆ ಬಿಗಿದ ಕಾಲುಗಳನ್ನು ಮೆಲ್ಲಗೆ ಬಿಡಿಸುವ ವ್ಯಾಯಾಮ. ಮಿದುಳಿಗೆ ಆದ ಪೆಟ್ಟು ಬೆಳೆಯುವುದಿಲ್ಲ, ನಿಜ. ಆದರೆ ಮೂಳೆ ಉದ್ದವಾದಂತೆ ಬಿಗಿದ ಸ್ನಾಯು ಹಿಂದೆ ಬಿದ್ದು ಕೀಲುಗಳು ಮಡಿಚಿಕೊಳ್ಳುತ್ತವೆ. ಅದಕ್ಕೇ ಥೆರಪಿಗೆ ಹಬ್ಬದ ದಿನವೂ ರಜೆಯಿಲ್ಲ. ಆಮೇಲೆ ತಿಂಡಿ. ಮಲಗಿಸಿ ತಿನ್ನಿಸಿದರೆ ತುತ್ತು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆದೀತು, ಆದ್ದರಿಂದ ಗೋಡೆಯ ಮೂಲೆಯಲ್ಲಿ ಎರಡೂ ಕಡೆ ದಿಂಬು ಒತ್ತಿ ನೆಟ್ಟಗೆ ಕೂರಿಸಬೇಕು. ಒಂದು ತಿಂಡಿಗೆ ಒಂದು ಗಂಟೆ. ಪಾಠ ನಡೆಯುವುದೂ ಆ ಒಂದು ಗಂಟೆಯಲ್ಲೇ.

ತಾಯಿ ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಬಿಸ್ಕತ್ತು ಹಿಡಿದು, ಯಾವುದು ಬೇಕು ಎಂದು ಕೇಳಿ ಸುಮ್ಮನಾಗುತ್ತಾರೆ. ಹುಡುಗಿಯ ಕಣ್ಣು ಮೊದಲು ಸೂರಿಗೆ ಹೋಗುತ್ತದೆ. ಕತ್ತು ಒಂದು ಕಡೆಗೆ ವಾಲುತ್ತದೆ, ಮುಷ್ಟಿ ಬಿಗಿಯುತ್ತದೆ, ತಾಯಿ ಮಾತಾಡುವುದಿಲ್ಲ. ಕೊನೆಗೆ ನೋಟ ಬಾಳೆಹಣ್ಣಿನ ಮೇಲೆ ಬಂದು ನಿಲ್ಲುತ್ತದೆ. ಆಗ ಅದರ ಹೆಸರು ಹೇಳಿ ಒಂದು ಚೂರು ಬಾಯಿಗಿಡುತ್ತಾರೆ. ಇದು ಭಾಷೆಯ ಪಾಠ. ಒಂದು, ಎರಡು ಎಂದು ಚೂರುಗಳನ್ನು ಎಣಿಸುತ್ತ ಹೋದರೆ ಲೆಕ್ಕದ ಪಾಠ. ಹೀಗೆ ಮಾಡಲು ಕಲಿಸಿದ ಥೆರಪಿಸ್ಟ್ ಒಂದು ಮಾತನ್ನು ಒತ್ತಿ ಹೇಳಿದ್ದರಂತೆ: ಉತ್ತರ ಬರುವವರೆಗೆ ಬಾಯಿ ಬಿಡಬೇಡಿ, ನಡುವೆ ಇನ್ನೊಂದು ಸಲ ಕೇಳಿದರೆ ಪಾಪ, ಮಗು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ನಲವತ್ತು ಮಕ್ಕಳ ತರಗತಿಗೆ ಇಷ್ಟು ಕಾಯುವ ವ್ಯವಧಾನ ಎಲ್ಲಿಂದ ಬರಬೇಕು? ಈ ಕಾಯುವಿಕೆ ಮನೆಯ ಶಾಲೆಯ ದೊಡ್ಡ ಬಲ. ಆ ಬಲವೆಲ್ಲ ಒಬ್ಬ ಹೆಂಗಸಿನ ಮೈಯಿಂದ ಬರುತ್ತಿದೆ ಎಂಬುದನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿದಿಲ್ಲ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ವಿಷಯ 2016ರ ಕಾಯ್ದೆಯಲ್ಲೇ ಇದೆ. ಅದನ್ನು ಉಪಕಾರವೆಂದಲ್ಲದೆ ಸಂಬಳವೆಂದು ಭಾವಿಸಿ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಈ ಭಾಗದಲ್ಲಿ ನೆರವೇ ಇಲ್ಲವೆಂದಲ್ಲ. ತಾವೇ ಅಂಗವೈಕಲ್ಯದೊಂದಿಗೆ ಬದುಕಿದ ಎನ್‌.ಎಸ್‌. ಹೇಮಾ 1959ರಲ್ಲಿ ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಲಿಂಗರಾಜಪುರದಲ್ಲಿದೆ. ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿದೆ. ದೊಡ್ಡ ಸರ್ಕಾರಿ ಆಸ್ಪತ್ರೆ ಬೌರಿಂಗ್ ಇಲ್ಲೇ ಇದೆ. ನಕ್ಷೆಯಲ್ಲಿ ಎಲ್ಲವೂ ಹತ್ತಿರ. ಆದರೆ ಮಗುವನ್ನು ಹೊತ್ತು ಇಳಿದು, ಹೋಗಿ ಬರುವ ಆಟೋಗೆ ದುಡ್ಡು ಹೊಂದಿಸಿ, ಶಾಲೆಯಿಂದ ಬರುವ ಇನ್ನೊಂದು ಮಗುವಿನ ಹೊತ್ತಿಗೆ ಹಿಂತಿರುಗಬೇಕಾದ ತಾಯಿಗೆ ಹತ್ತಿರ ಅನ್ನುವುದು ಬೇರೆಯೇ ಲೆಕ್ಕ.

ಆದ್ದರಿಂದ ಶಾಲೆಯೇ ಮೇಲೆ ಹತ್ತಿ ಬರಬೇಕು. ನಮ್ಮಲ್ಲಿ ಗೃಹಾಧಾರಿತ ಶಿಕ್ಷಣ ಇರುವುದೂ ಅದಕ್ಕೇ. ಸಮಗ್ರ ಶಿಕ್ಷಣ ಯೋಜನೆಯಡಿ ಮಗುವಿನ ಹೆಸರು ಹತ್ತಿರದ ಸರ್ಕಾರಿ ಶಾಲೆಯಲ್ಲಿ ದಾಖಲಾಗುತ್ತದೆ, ವಿಶೇಷ ಶಿಕ್ಷಕರು ಮನೆಗೆ ಬರುತ್ತಾರೆ. ಬರುವವರು ಮೊದಲು ತಾಯಿಯಿಂದ ಕೇಳಿ ತಿಳಿಯಬೇಕಾದ್ದು ಬಹಳವಿದೆ: ಮಗುವಿಗೆ ಹೌದು ಅನ್ನಲು ಯಾವ ಸನ್ನೆ, ದಣಿದರೆ ಹೇಗೆ ಗೊತ್ತಾಗುತ್ತದೆ, ಯಾವ ಹೊತ್ತಿನಲ್ಲಿ ಚುರುಕಾಗಿರುತ್ತದೆ. ಮನೆಯಲ್ಲಿ ದಖನಿ, ಪಕ್ಕದ ಮನೆಯಲ್ಲಿ ತಮಿಳು ಕೇಳುತ್ತ ಬೆಳೆದ ಮಗುವಿನ ಮುಂದೆ ಚಿತ್ರಪಟ ಹಿಡಿದಾಗ ಮೊದಲು ಅದಕ್ಕೆ ಗೊತ್ತಿರುವ ಮಾತಿನಲ್ಲೇ ಹೆಸರು ಹೇಳಬೇಕು, ಕನ್ನಡ ಅದರ ಹಿಂದೆಯೇ ಬರುತ್ತದೆ.

ಎಷ್ಟೇ ಜಾಣ ತಾಯಿಯಾದರೂ ಮನೆಯಲ್ಲಿ ಕೊಡಲಾಗದ್ದು ಒಂದಿದೆ: ಓರಗೆಯ ಮಕ್ಕಳ ಗದ್ದಲ. ಆ ಹುಡುಗಿಯ ಹೆಸರು ಶಾಲೆಯ ದಾಖಲೆಯಲ್ಲಿದೆ, ಆದರೆ ತರಗತಿಯ ಒಂದು ಮಗುವೂ ಅವಳ ಮುಖ ನೋಡಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾಲ್ಕು ಮಕ್ಕಳನ್ನು ಕರೆದುಕೊಂಡು ಟೀಚರ್ ಆ ಮೆಟ್ಟಿಲು ಹತ್ತಬಹುದು. ಬಾಳೆಹಣ್ಣೋ ಬಿಸ್ಕತ್ತೋ ಎಂದು ಕೇಳಿ ಕಾಯುವುದನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಇದಕ್ಕೆ ಹೊಸ ಆದೇಶ ಬೇಡ, ಅನುದಾನವೂ ಬೇಡ. ಮುಖ್ಯ ಶಿಕ್ಷಕರು ಮನಸ್ಸು ಮಾಡಿದರೆ ಈ ಶನಿವಾರವೇ ಆಗುವ ಕೆಲಸ.