ತಾಳ್ಮೆ ಯಾರ ಹೊಣೆ?

ಬಿದ್ದವರನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರುವುದು ‘ತಾಳ್ಮೆಯಿಂದಿರಿ, ಎಲ್ಲವೂ ಸರಿಹೋಗುತ್ತದೆ’ ಎಂಬ ಮಾತು. ಕಾಲು ಮುರಿದು ಮಲಗಿದವರಿಗೂ, ಕೆಲಸ ಕಳೆದುಕೊಂಡವರಿಗೂ, ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಿಗೂ ನಾವು ಹೇಳುವುದು ಇದನ್ನೇ. ಮಾತಿನಲ್ಲಿ ತಪ್ಪಿಲ್ಲ. ಆದರೆ ತಾಳ್ಮೆಯೆಂಬುದು ಬಿದ್ದವನೊಬ್ಬನೇ ತನ್ನೊಳಗಿನಿಂದ ತೆಗೆದು ತೋರಿಸಬೇಕಾದ ಗುಣವೇ? ಅವನ ಸುತ್ತಲೂ ನಿಂತಿರುವ ನಮಗೆ ಅದರಲ್ಲಿ ಪಾಲಿಲ್ಲವೇ? ಈ ಪ್ರಶ್ನೆಯನ್ನು ಅಮೆರಿಕದ ಒಂದು ಬಾಸ್ಕೆಟ್‌ಬಾಲ್ ತಂಡದ ಅನುಭವದ ಬೆಳಕಿನಲ್ಲಿ ಚಿಂತಿಸೋಣ.

ಬಾಸ್ಕೆಟ್‌ಬಾಲ್ ಆಟ ಹುಟ್ಟಿದ್ದು 1891ರ ಡಿಸೆಂಬರ್ ತಿಂಗಳಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ. ದೈವಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು, ಚಳಿಗಾಲದಲ್ಲಿ ಯುವಕರು ಸೂರಿನಡಿ ಆಡಬಹುದಾದ ಈ ಆಟಕ್ಕೆ 13 ನಿಯಮಗಳನ್ನು ಬರೆದರು. ಚೆಂಡು ಹಿಡಿದು ಓಡಬಾರದು, ಎದುರಾಳಿಯನ್ನು ತಳ್ಳಬಾರದು, ಹಿಡಿಯಬಾರದು ಎಂಬ ಕಟ್ಟಳೆಗಳ ಹಿಂದೆ ಯಾರಿಗೂ ಪೆಟ್ಟಾಗಬಾರದೆಂಬ ಕಾಳಜಿಯಿತ್ತು. ಆದರೂ ಮನುಷ್ಯನ ಮೈ ಮಣ್ಣಿನ ಮಡಕೆ. ಎಷ್ಟೇ ಎಚ್ಚರಿಕೆಯಿಂದ ಹೊತ್ತರೂ ಒಮ್ಮೆ ಬಿರುಕು ಬಿಡುತ್ತದೆ.

ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎಂಬ ತಂಡವು 2015ರಿಂದ 2019ರವರೆಗೆ ಸತತ ಐದು ವರ್ಷ ಅಮೆರಿಕದ ಎನ್‌ಬಿಎ ಲೀಗ್‌ನ ಅಂತಿಮ ಸರಣಿಯನ್ನು ತಲುಪಿ, ಮೂರು ಬಾರಿ ಪ್ರಶಸ್ತಿ ಗೆದ್ದಿತ್ತು. 2019ರ ಅಂತಿಮ ಸರಣಿಯಲ್ಲಿ ಟೊರೊಂಟೊ ತಂಡದ ಎದುರು ಎಲ್ಲವೂ ಕುಸಿಯಿತು. ಮೀನಖಂಡದ ಗಾಯದಿಂದ ಒಂದು ತಿಂಗಳು ಹೊರಗಿದ್ದ ಕೆವಿನ್ ಡ್ಯುರಾಂಟ್, ತಂಡ ಸಂಕಟದಲ್ಲಿದ್ದಾಗ ಜೂನ್ 10ರಂದು ಅಂಕಣಕ್ಕಿಳಿದರು. ಆಡಿದ್ದು 12 ನಿಮಿಷ ಮಾತ್ರ. ಬಲಗಾಲಿನ ಹಿಮ್ಮಡಿಯ ಸ್ನಾಯುರಜ್ಜು ಹರಿದುಹೋಯಿತು. ತಂಡದ ಆಡಳಿತಗಾರ ಬಾಬ್ ಮೈಯರ್ಸ್ ಪತ್ರಕರ್ತರ ಮುಂದೆ ಕಣ್ಣೀರಿಡುತ್ತ, ಯಾರನ್ನಾದರೂ ದೂಷಿಸಲೇಬೇಕಾದರೆ ತಮ್ಮನ್ನೇ ದೂಷಿಸಿರೆಂದು ಬೇಡಿಕೊಂಡರು.

ಮೂರು ದಿನಗಳ ನಂತರ, ಮುಂದಿನ ಪಂದ್ಯದಲ್ಲಿ ಕ್ಲೇ ಥಾಂಪ್ಸನ್ ಜಿಗಿದು ಕೆಳಗಿಳಿಯುವಾಗ ಅವರ ಎಡಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಸಹಾಯಕರ ಹೆಗಲು ಹಿಡಿದು ಹೊರಹೋಗುತ್ತಿದ್ದವರು, ತಮಗೆ ದೊರೆತಿದ್ದ ಎರಡು ಫ್ರೀ ಥ್ರೋಗಳನ್ನು ತಾವೇ ಎಸೆಯದಿದ್ದರೆ ಮತ್ತೆ ಆಡುವಂತಿಲ್ಲವೆಂದು ತಿಳಿದೊಡನೆ ಮರಳಿ ಬಂದರು. ಎರಡೂ ಚೆಂಡುಗಳು ಬುಟ್ಟಿಗೆ ಬಿದ್ದವು. ಸಭಾಂಗಣವೇ ಎದ್ದುನಿಂತು ಚಪ್ಪಾಳೆ ತಟ್ಟಿತು. ಆದರೂ ಅವರಿಗೆ ಮುಂದೆ ಆಡಲಾಗಲಿಲ್ಲ. ಆ ರಾತ್ರಿಯೇ ತಂಡ ಸರಣಿಯನ್ನು ಸೋತಿತು.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ನಾವು ಮೆಚ್ಚುವುದು ಆ ಎರಡು ಎಸೆತಗಳನ್ನು. ಗಾಯದ ಮೇಲೆ ನಿಂತು ಸೆಣಸುವುದೇ ಧೀರತನವೆಂದು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಧೈರ್ಯವೆಂದು ಕರೆಯುವುದರಲ್ಲಿ ಬಹುಪಾಲು ಕೆಲವೇ ನಿಮಿಷಗಳ ಬಾಳಿಕೆಯದು. ಅದಕ್ಕೆ ಸಾಕ್ಷಿಗಳಿರುತ್ತಾರೆ, ಕರತಾಡನವಿರುತ್ತದೆ. ಮನುಷ್ಯನ ನಿಜವಾದ ಪರೀಕ್ಷೆ ಪ್ರಾರಂಭವಾಗುವುದು ದೀಪಗಳು ಆರಿದ ಮೇಲೆ. ಥಾಂಪ್ಸನ್ ಅವರಿಗೆ ಆ ಪರೀಕ್ಷೆ 941 ದಿನಗಳ ಕಾಲ ನಡೆಯಿತು. ಮೊಣಕಾಲು ವಾಸಿಯಾಗಿ ಇನ್ನೇನು ಆಡಬೇಕೆನ್ನುವಾಗ, 2020ರ ನವೆಂಬರ್‌ನಲ್ಲಿ ಅಭ್ಯಾಸದ ಆಟದಲ್ಲಿ ಬಲಗಾಲಿನ ಹಿಮ್ಮಡಿಯ ರಜ್ಜು ಹರಿಯಿತು. ಮತ್ತೆ ಹಾಸಿಗೆ, ಮತ್ತೆ ಊರುಗೋಲು, ಮತ್ತೆ ಮೊದಲ ಹೆಜ್ಜೆ.

ಈ ನಡುವೆ ತಂಡವೂ ಚದುರಿತ್ತು. ಡ್ಯುರಾಂಟ್ ಬ್ರೂಕ್ಲಿನ್ ತಂಡವನ್ನು ಸೇರಿದರು. ಹಿರಿಯ ಆಟಗಾರ ಆಂಡ್ರೆ ಇಗುಡಾಲಾ ಅವರನ್ನು ಬೇರೆ ತಂಡಕ್ಕೆ ಬಿಟ್ಟುಕೊಡಲಾಯಿತು. 2019ರ ಅಕ್ಟೋಬರ್ 30ರಂದು ನಾಯಕಪ್ರಾಯರಾದ ಸ್ಟೀಫನ್ ಕರಿ ಅವರ ಎಡಗೈ ಮುರಿಯಿತು. ಹಿಂದಿನ ವರ್ಷ ಅಂತಿಮ ಸರಣಿಯಲ್ಲಿ ಆಡಿದ್ದ ತಂಡ ಆ ಋತುವಿನಲ್ಲಿ 15 ಪಂದ್ಯಗಳನ್ನು ಗೆದ್ದು 50ನ್ನು ಸೋತು, ಇಡೀ ಲೀಗ್‌ನಲ್ಲಿಯೇ ಕೊನೆಯ ಸ್ಥಾನಕ್ಕಿಳಿಯಿತು.

ಅಂತಹ ತಂಡವೇ 2022ರ ಜೂನ್ 16ರಂದು ಬಾಸ್ಟನ್ ನಗರದಲ್ಲಿ ಮತ್ತೆ ಪ್ರಶಸ್ತಿಯನ್ನು ಎತ್ತಿ ಹಿಡಿಯಿತು. ಇದು ಸಾಧ್ಯವಾದುದು ಹೇಗೆ? ಕರಿ ಅವರ ಪ್ರತಿಭೆಯಿಂದ ಎನ್ನಬಹುದು; ಅಂತಿಮ ಸರಣಿಯ ಶ್ರೇಷ್ಠ ಆಟಗಾರನೆಂಬ ಗೌರವ ಅವರಿಗೇ ದೊರೆಯಿತು. ಆದರೆ ಒಬ್ಬರ ಪ್ರತಿಭೆ ಒಂದು ಸಮುದಾಯವನ್ನು ಇಷ್ಟು ದೂರ ಹೊತ್ತು ತರಲಾರದು. ನನ್ನ ಗಮನ ಸೆಳೆಯುವುದು ಎರಡು ಸಂಗತಿಗಳು.

ಮೊದಲನೆಯದು, ಬಿದ್ದವನಿಗಾಗಿ ಉಳಿಸಿದ ಸ್ಥಾನ. ಮೊಣಕಾಲು ಹರಿದ ಕೆಲವೇ ವಾರಗಳಲ್ಲಿ ತಂಡವು ಥಾಂಪ್ಸನ್ ಅವರೊಡನೆ ಐದು ವರ್ಷಗಳ, ಸುಮಾರು 19 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. 2022ರ ಜನವರಿ 9ರಂದು ಅವರು ಮರಳಿದಾಗ, ಗೆಳೆಯ ಡ್ರೇಮಂಡ್ ಗ್ರೀನ್ ಅವರಿಗೆ ಮೀನಖಂಡದ ತೊಂದರೆಯಿಂದ ಆಡಲಾಗುತ್ತಿರಲಿಲ್ಲ. ಆದರೂ ಮರಳಿ ಬಂದವನ ಪಕ್ಕದಲ್ಲಿ ನಿಲ್ಲಲೆಂದೇ ಅವರು ಪಂದ್ಯವನ್ನು ಆರಂಭಿಸಿ, ಏಳನೆಯ ಸೆಕೆಂಡಿನಲ್ಲಿ ಬೇಕೆಂದೇ ಫೌಲ್ ಮಾಡಿ ಹೊರನಡೆದರು. ಅಂಕಪಟ್ಟಿಯಲ್ಲಿ ಆ ಏಳು ಸೆಕೆಂಡುಗಳಿಗೆ ಬೆಲೆಯಿಲ್ಲ. ‘ನೀನಿಲ್ಲದಾಗಲೂ ನೀನು ನಮ್ಮವನೇ’ ಎಂದು ಹೇಳಲು ಅಷ್ಟು ಸಾಕಾಯಿತು.

ಎರಡನೆಯದು, ಹೊಸಬರಿಗೆ ದೊರೆತ ನಿಜವಾದ ಕೆಲಸ. 2014ರಲ್ಲಿ ಮೊದಲ ಆಯ್ಕೆಯಾಗಿ ಲೀಗ್ ಸೇರಿದ್ದರೂ ನಿರೀಕ್ಷೆಯ ಮಟ್ಟಕ್ಕೆ ಬೆಳೆಯಲಿಲ್ಲವೆಂಬ ಮಾತು ಕೇಳಿದ್ದ ಆಂಡ್ರೂ ವಿಗಿನ್ಸ್ 2020ರಲ್ಲಿ ಈ ತಂಡಕ್ಕೆ ಬಂದರು. ಎದುರಾಳಿಯ ಅತ್ಯುತ್ತಮ ಆಟಗಾರನನ್ನು ತಡೆಯುವ ಹೊಣೆ ಅವರದಾಯಿತು. ಅಂತಿಮ ಸರಣಿಯ ಐದನೆಯ ಪಂದ್ಯದಲ್ಲಿ 26 ಅಂಕ ಗಳಿಸಿ ತಂಡದ ಕೈಹಿಡಿದರು. ಗ್ಯಾರಿ ಪೇಟನ್ ಎಂಬುವರನ್ನು ಆ ಋತುವಿನ ಆರಂಭದಲ್ಲಿ ಕೈಬಿಟ್ಟು, ಬಳಿಕ ಕೊನೆಯ ಸ್ಥಾನಕ್ಕೆ ಮರಳಿ ಸೇರಿಸಿಕೊಳ್ಳಲಾಗಿತ್ತು. ಮೇ ತಿಂಗಳಲ್ಲಿ ಮೊಣಕೈ ಮುರಿದ ಅವರು ಜೂನ್‌ನಲ್ಲಿ ಅಂತಿಮ ಸರಣಿಗೆ ಮರಳಿ ಬಂದರು. ಹೋದವರ ನೆರಳಾಗಿರಿ ಎಂದು ಯಾರೂ ಇವರಿಗೆ ಹೇಳಲಿಲ್ಲ. ಇವರು ಇವರಾಗಿಯೇ ಬೇಕಾಗಿದ್ದರು.

ಇದನ್ನೆಲ್ಲ ಕೇಳಿ ಒಬ್ಬರು ಆಕ್ಷೇಪಿಸಬಹುದು: ‘ಕೋಟ್ಯಂತರ ಡಾಲರ್ ಕೈಯಲ್ಲಿದ್ದರೆ ಯಾರಿಗೆ ತಾನೇ ತಾಳ್ಮೆ ಬರುವುದಿಲ್ಲ?’ ಆಕ್ಷೇಪ ನ್ಯಾಯವಾದುದೇ. ಕ್ರೀಡೆ ಒಂದು ವ್ಯಾಪಾರವೂ ಹೌದು. ಅಲ್ಲಿ ಎಲ್ಲರ ಸ್ಥಾನವೂ ಉಳಿಯುವುದಿಲ್ಲ. ಥಾಂಪ್ಸನ್ ಕೂಡ 2024ರಲ್ಲಿ ಡಲ್ಲಾಸ್ ತಂಡಕ್ಕೆ ಹೋದರು. ಆದರೆ ಈ ಆಕ್ಷೇಪವೇ ನಮ್ಮ ಪ್ರಶ್ನೆಗೆ ಉತ್ತರವನ್ನೂ ಕೊಡುತ್ತದೆ. ತಾಳ್ಮೆಗೆ ಆಧಾರ ಬೇಕು. ನಾಳೆಯ ಅನ್ನ ಖಚಿತವಾಗಿರುವವನಿಗೆ ಕಾಯಲು ಬರುತ್ತದೆ. ತನ್ನ ಸ್ಥಾನ ತನಗಾಗಿ ಕಾದಿದೆ ಎಂದು ತಿಳಿದವನು ಎರಡನೆಯ ಸಲ ಬಿದ್ದರೂ ಏಳುತ್ತಾನೆ. ಅದಾವುದೂ ಇಲ್ಲದವನಿಗೆ ‘ತಾಳ್ಮೆಯಿಂದಿರು’ ಎಂದರೆ, ಊರುಗೋಲು ಕೊಡದೆ ನಡೆ ಎಂದಂತೆ. ಕಟ್ಟಡದಿಂದ ಬಿದ್ದ ಕೂಲಿಕಾರನು ಮರುವಾರವೇ ಕುಂಟುತ್ತ ಕೆಲಸಕ್ಕೆ ಬಂದರೆ ಅದನ್ನು ಸ್ಥೈರ್ಯವೆಂದು ಹೊಗಳುವ ಮುನ್ನ, ಅವನಿಗೆ ವಿಶ್ರಾಂತಿಯ ಹಕ್ಕನ್ನು ಕೊಡದವರು ಯಾರೆಂದು ಕೇಳಬೇಕಲ್ಲವೇ?

ನಮ್ಮ ಮನೆಗಳೂ ಇಂತಹ ತಂಡಗಳೇ. ಒಬ್ಬ ಮಗ ದುಡಿಮೆಗೆಂದು ಪರದೇಶಕ್ಕೆ ಹೋಗುತ್ತಾನೆ. ಹೊಸ ಸೊಸೆ ಮನೆ ತುಂಬುತ್ತಾಳೆ. ಅಡುಗೆಮನೆಯ ಯಜಮಾನಿಯಾಗಿದ್ದ ತಾಯಿ ಪಾರ್ಶ್ವವಾಯು ಬಡಿದು ಮೂಲೆ ಹಿಡಿಯುತ್ತಾರೆ. ಆಗ ಮನೆಯ ಲೆಕ್ಕಾಚಾರ, ಮದುವೆಯ ಮಾತುಕತೆಗಳಲ್ಲಿ ಆ ತಾಯಿಯ ಅಭಿಪ್ರಾಯವನ್ನು ಕೇಳುತ್ತೇವೆಯೇ, ಅಥವಾ ಅವರನ್ನು ಔಷಧದ ಖರ್ಚಾಗಿ ಮಾತ್ರ ಎಣಿಸುತ್ತೇವೆಯೇ? ಸೊಸೆಯನ್ನು ‘ಅತ್ತೆಯ ಹಾಗೆ ಮಾಡಲು ಬರುವುದಿಲ್ಲ’ ಎಂದು ತೂಗುತ್ತೇವೆಯೇ, ಅಥವಾ ಅವಳ ಕೈಗುಣಕ್ಕೂ ಎಡೆ ಮಾಡಿಕೊಡುತ್ತೇವೆಯೇ? ಆಡಲಾಗದವನಿಗೆ ಸ್ಥಾನ, ಹೊಸದಾಗಿ ಬಂದವನಿಗೆ ಕೆಲಸ: ಈ ಎರಡನ್ನೂ ಉಳಿಸಿಕೊಂಡ ಮನೆ ಎಂತಹ ಪೆಟ್ಟನ್ನಾದರೂ ತಡೆದುಕೊಳ್ಳುತ್ತದೆ.

ಗಾಯಗಳೆಲ್ಲವೂ ಮಾಯುವುದಿಲ್ಲ, ಕಾದವರೆಲ್ಲರಿಗೂ ಪ್ರಶಸ್ತಿ ಸಿಗುವುದಿಲ್ಲ. ಆದುದರಿಂದ ಗೆಲುವಿನ ಆಸೆಯಿಂದ ಮಾತ್ರ ಬಿದ್ದವರ ಸ್ಥಾನವನ್ನು ಉಳಿಸುವುದು ಸಲ್ಲದು. ಅವರು ನಮ್ಮವರೆಂಬ ಕಾರಣ ಸಾಲದೇ? ಮುಂದಿನ ಸಲ ನೊಂದವರೊಬ್ಬರಿಗೆ ‘ತಾಳ್ಮೆಯಿಂದಿರಿ’ ಎನ್ನುವ ಮೊದಲು, ಅವರ ತಾಳ್ಮೆಯ ಭಾರದಲ್ಲಿ ನಾವು ಹೊರಬೇಕಾದ ಪಾಲೆಷ್ಟು ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.