ಗುರಿಯೂ ಎಣಿಕೆಯೂ

ವಿದ್ಯೆಯು ತಾನಾಗಿ ಪುಣ್ಯವೂ ಅಲ್ಲ, ಪಾಪವೂ ಅಲ್ಲ; ಅದನ್ನು ಬಳಸುವವನ ಉದ್ದೇಶದಿಂದಲೇ ಅದಕ್ಕೆ ಗುಣದೋಷಗಳು ಬರುವುವು ಎಂದು ಬಲ್ಲವರು ಹೇಳುತ್ತಾರೆ. ಒಪ್ಪತಕ್ಕ ಮಾತೇ ಸರಿ. ಆದರೆ ಒಬ್ಬನೇ ಮನುಷ್ಯನು ಒಂದೇ ಕೈಯ ಕುಶಲತೆಯಿಂದ ಮೊದಲು ಗುರಿಹಲಗೆಯನ್ನೂ ಆಮೇಲೆ ಮನುಷ್ಯರನ್ನೂ ಹೊಡೆದರೆ, ಈ ಮಾತು ನಮ್ಮನ್ನು ಎಷ್ಟು ದೂರ ನಡೆಸೀತು? ಫಿನ್ಲೆಂಡ್ ದೇಶದ ಸಿಮೊ ಹ್ಯಾಯ್ಹ್ಯಾ ಎಂಬ ಬಂದೂಕುಗಾರನ ಬಾಳಿನಲ್ಲಿ ಈ ಪ್ರಶ್ನೆಯು ಅಡಗಿದೆ.

ಗುರಿಯಿಡುವ ಪಂದ್ಯವೆಂದರೆ ಬೇಟೆಯಿಂದ ಕೊಲೆಯನ್ನು ಕಳೆದು ಉಳಿಸಿಕೊಂಡ ವಿದ್ಯೆ. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ‘ಓಡುವ ಜಿಂಕೆ’ ಎಂಬ ಸ್ಪರ್ಧೆಯಿತ್ತು. 100 ಮೀಟರ್ ದೂರದಲ್ಲಿ ಜಿಂಕೆಯ ಆಕೃತಿಯೊಂದು ಕೆಲವೇ ಕ್ಷಣ ಕಾಣಿಸಿ ಸರಿದುಹೋಗುವುದು. ಅಷ್ಟರೊಳಗೆ ಅದನ್ನು ಹೊಡೆಯಬೇಕು. ಆಗ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿದ್ದರೂ ಫಿನ್ಲೆಂಡ್ ತನ್ನದೇ ತಂಡವನ್ನು ಕಳುಹಿಸಿತ್ತು. ಅದರ ನೆಸ್ಟೊರಿ ತೊಯ್ವೊನೆನ್ ಈ ಸ್ಪರ್ಧೆಯಲ್ಲಿ ಮೂರನೆಯವನಾದನು. ಎಷ್ಟು ಗುಂಡು ತಗುಲಿದರೂ ಆ ಜಿಂಕೆಗೆ ನೋವಿಲ್ಲ. ಬೇಟೆಗಾರನ ತಾಳ್ಮೆ, ನಿಶ್ಚಲತೆ, ದೃಷ್ಟಿಯ ತೀಕ್ಷ್ಣತೆ ಎಲ್ಲವೂ ಅಲ್ಲಿ ಇವೆ, ಹಿಂಸೆಯೊಂದಿಲ್ಲ. ಅಂತಹ ಕಡೆ ಎಣಿಕೆಯೇ ಸರ್ವಸ್ವ. ಎಷ್ಟು ತಗುಲಿತು ಎಂಬುದರ ಆಚೆಗೆ ಕೇಳಬೇಕಾದುದು ಏನೂ ಇಲ್ಲ.

ಹ್ಯಾಯ್ಹ್ಯಾ ಹುಟ್ಟಿದುದು 1905ರಲ್ಲಿ, ರೌತ್ಯಾರ್ವಿ ಎಂಬಲ್ಲಿಯ ರೈತರ ಮನೆಯಲ್ಲಿ. ಹದಿನೇಳನೆಯ ವಯಸ್ಸಿನಲ್ಲಿ ನಾಗರಿಕ ರಕ್ಷಣಾದಳವನ್ನು ಸೇರಿದನು. ವೀಪುರಿ ಪ್ರಾಂತದ ಪಂದ್ಯಗಳಲ್ಲಿ ಬಹುಮಾನಗಳನ್ನು ಗಳಿಸಿದನು. ಕುಳ್ಳನೆಯ ಆಳು, ಮಿತಭಾಷಿ. 1939ರ ನವೆಂಬರ್ 30ರಂದು ಸೋವಿಯತ್ ಸೇನೆಯು ಗಡಿಯನ್ನು ದಾಟಿ ಬಾರದೆ ಇದ್ದಿದ್ದರೆ, ಅವನ ಹೆಸರು ಆ ಪ್ರಾಂತದ ಆಚೆಗೆ ಹೋಗುತ್ತಿತ್ತೋ ಇಲ್ಲವೋ.

ಕೊಲ್ಲಾ ನದಿಯ ಬಳಿ, ನೀರ್ಗಲ್ಲಿನ ಮಟ್ಟಕ್ಕಿಂತ ಎಷ್ಟೋ ಕೆಳಗಿಳಿದ ಚಳಿಯಲ್ಲಿ, ಬಿಳಿಯ ಉಡುಪನ್ನು ತೊಟ್ಟು ಅವನು ಹಿಮದಲ್ಲಿ ಕಾದು ಮಲಗುತ್ತಿದ್ದನು. ಬಂದೂಕಿಗೆ ದೂರದರ್ಶಕವನ್ನು ಜೋಡಿಸಿಕೊಳ್ಳಲಿಲ್ಲ. ಅದರಲ್ಲಿ ನೋಡಲು ತಲೆಯನ್ನು ತುಸು ಮೇಲೆತ್ತಬೇಕು, ಗಾಜು ಬಿಸಿಲಿಗೆ ಮಿಂಚುವುದೂ ಉಂಟು. ನೂರು ದಿನಗಳೊಳಗಾಗಿ ಅವನಿಂದ ಸತ್ತವರು ಸುಮಾರು 500 ಎಂದು ಹೇಳುತ್ತಾರೆ. ಸಂಖ್ಯೆಯ ವಿಷಯದಲ್ಲಿ ಚರಿತ್ರಕಾರರಿಗೆ ಏಕಾಭಿಪ್ರಾಯವಿಲ್ಲ. 1940ರ ಮಾರ್ಚ್ 6ರಂದು ಶತ್ರುವಿನ ಗುಂಡೊಂದು ಅವನ ದವಡೆಯನ್ನು ಒಡೆಯಿತು. ಅವನಿಗೆ ಪ್ರಜ್ಞೆ ಮರಳಿದುದು 13ರಂದು. ಯುದ್ಧವು ನಿಂತುದೂ ಅಂದೇ.

ಪಶ್ಚಾತ್ತಾಪವುಂಟೇ ಎಂದು ಮುಂದೆ ಕೇಳಿದವರಿಗೆ, ಹೇಳಿದ ಕೆಲಸವನ್ನು ಕೈಲಾದಮಟ್ಟಿಗೆ ಮಾಡಿದೆನೆಂಬ ಅರ್ಥದ ಉತ್ತರವನ್ನು ಕೊಟ್ಟನು. ಇಲ್ಲಿ ಒಂದು ಶಂಕೆ ಹುಟ್ಟುವುದು. ಅಪ್ಪಣೆಯನ್ನು ಪಾಲಿಸಿದೆನೆಂದು ಎದುರು ಪಕ್ಷದ ಸಿಪಾಯಿಯೂ ಹೇಳಬಹುದಷ್ಟೆ? ಆದುದರಿಂದ ಅಪ್ಪಣೆಯೊಂದೇ ಸಮರ್ಥನೆಯಾಗಲಾರದು. ಒಬ್ಬನು ತನ್ನ ನೆಲವನ್ನು ಕಾಯಲು ನಿಂತವನು, ಇನ್ನೊಬ್ಬನು ಪರರ ನೆಲಕ್ಕೆ ನುಗ್ಗಿಸಲ್ಪಟ್ಟವನು, ಭೇದವಿರುವುದು ಇಲ್ಲಿ. ಈ ಭೇದವು ಕೃತ್ಯಕ್ಕೆ ನ್ಯಾಯವನ್ನು ಕೊಡುವುದು ನಿಜ. ಸತ್ತವನನ್ನು ಗುರಿಹಲಗೆಯನ್ನಾಗಿ ಮಾಡಲಾರದು. ಹಿಮದಲ್ಲಿ ಬಿದ್ದವನಿಗೂ ಮನೆಯೊಂದಿತ್ತು.

ದ್ರೋಣರು ಮರದ ಮೇಲೆ ಇರಿಸಿದ ಕೃತಕ ಪಕ್ಷಿಯನ್ನು ನೋಡಿದಾಗ ಅರ್ಜುನನಿಗೆ ಅದರ ತಲೆಯಲ್ಲದೆ ಬೇರೇನೂ ಕಾಣಲಿಲ್ಲ. ಗುರಿಕಾರನಿಗೆ ಅದೇ ಸಲ್ಲುವ ನೋಟ. ಅದೇ ಅರ್ಜುನನಿಗೆ ಕುರುಕ್ಷೇತ್ರದಲ್ಲಿ ಕಂಡುದು ಗುರಿಗಳಲ್ಲ, ಮುಖಗಳು. ಕೊನೆಗೆ ಅವನು ಬಿಲ್ಲನ್ನು ಹಿಡಿದನು, ನಿಜ. ಆದರೆ ಆ ಮುಖಗಳನ್ನು ಕಂಡ ಬಳಿಕ ಹಿಡಿದನು. ಕಾಣದೆ ಹೊಡೆಯುವವನಿಗೂ ಕಂಡು ಹೊಡೆಯುವವನಿಗೂ ಫಲದಲ್ಲಿ ವ್ಯತ್ಯಾಸವಿಲ್ಲದಿರಬಹುದು, ಮನುಷ್ಯತ್ವದಲ್ಲಿ ಉಂಟು.

ಹ್ಯಾಯ್ಹ್ಯಾ ಕಂಡಿದ್ದನೇ? ಅವನು ಬರೆದಿಟ್ಟಿದ್ದ ಯುದ್ಧಸ್ಮರಣೆಯು 2017ರಲ್ಲಿ ಬೆಳಕಿಗೆ ಬಂದಿತು. ತಾನು ಹೊಡೆದವರ ಲೆಕ್ಕವನ್ನು ಅದರಲ್ಲಿ ಅವನು ಕರೆದಿರುವುದು ‘ಪಾಪದ ಪಟ್ಟಿ’ ಎಂದು. ಈ ಮಾತನ್ನು ಸಿಪಾಯಿಯ ಒರಟು ವಿನೋದವೆಂದು ಓದುವವರೂ ಇರಬಹುದು. ಹಾಗಿದ್ದರೂ, ಬಹುಮಾನಗಳ ಲೆಕ್ಕವನ್ನು ಚೆನ್ನಾಗಿ ಬಲ್ಲವನೊಬ್ಬನು ಈ ಲೆಕ್ಕಕ್ಕೆ ಬೇರೆಯೇ ಹೆಸರನ್ನು ಆರಿಸಿಕೊಂಡನೆಂಬುದು ಅಲಕ್ಷ್ಯಮಾಡತಕ್ಕ ಸಂಗತಿಯಲ್ಲ. ಕರ್ತವ್ಯವೆಂದು ಒಪ್ಪಿಕೊಂಡುದನ್ನೇ ಪಾಪವೆಂದೂ ಬರೆದಿಡುವುದು ವಿರೋಧವೆಂದು ತರ್ಕವು ಹೇಳೀತು. ಬಾಳು ಹಾಗೆ ಹೇಳದು. ಮಾಡಲೇಬೇಕಾದುದನ್ನು ಮಾಡಿ, ಅದರ ಭಾರವನ್ನೂ ತಾನೇ ಹೊರುವುದು ಸಾಧ್ಯವಿದೆ.

ಹುಟ್ಟಿದ ಸೀಮೆಯು ಗಡಿಯ ಆಚೆಗೆ ಹೋಗಲು, ಅವನು ರುವೊಕೊಲಹ್ತಿಯಲ್ಲಿ ನೆಲೆಸಿ ಬೇಸಾಯ ಮಾಡಿದನು, ನಾಯಿಗಳನ್ನು ಸಾಕಿದನು. 2002ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡನು. ಯುದ್ಧದ ವಿಷಯದಲ್ಲಿ ಅವನಾಡಿದ ಮಾತು ಕಡಮೆ. ಹೆಚ್ಚಾಗಿ ಆಡಿದವರು ಇತರರು. ಐನೂರೇ, ಇನ್ನೂ ಹೆಚ್ಚೇ, ಜಗತ್ತಿನಲ್ಲಿ ಮೊದಲಿಗನೇ ಎಂದು ಬೆರಗಾಗಿ ಕೇಳುವವರು ರಣರಂಗವನ್ನು ಮತ್ತೆ ಪಂದ್ಯದ ಬಯಲಾಗಿಸುತ್ತಾರೆ. ಹೊಡೆದವನು ಪಾಪವೆಂದು ಬರೆದಿಟ್ಟುದನ್ನು, ಯಾವ ಅಪಾಯಕ್ಕೂ ಒಡ್ಡಿಕೊಳ್ಳದ ನಾವು ಪದಕಗಳಂತೆ ಎಣಿಸುವೆವಾದರೆ, ತಪ್ಪಿದುದು ಅವನ ಗುರಿಯಲ್ಲ, ನಮ್ಮ ನೋಟ.